ಹಗಲಿಗೊಂದು ಎತ್ವ

ಅಚ್ಚುಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾಗುಣಿತಮ್ಮ ಎಂದು. ಹದಿನೇಳು ವರ್ಷಗಳಿಂದ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಕೂತು, ಬೇರೆಯವರು ಬರೆದದ್ದರ ಕೊಂಬು, ದೀರ್ಘ, ಒತ್ತುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುವುದು ಅವಳ ಕೆಲಸ. ಮೇಜಿನ ಕೆಳಗಿನ ಖಾನೆಯಲ್ಲಿ ಅವಳದೇ ಕವಿತೆಗಳ ಕಟ್ಟೊಂದಿತ್ತು. ಮಕ್ಕಳ ಡಬ್ಬಿ, ಯೂನಿಫಾರ್ಮು, ಅತ್ತೆಯ ಮಾತ್ರೆಗಳ ನಡುವೆ ಸಿಕ್ಕ ಚೂರುಪಾರು ಹೊತ್ತಿನಲ್ಲಿ ಬರೆದವು. ಬೆಳದಿಂಗಳು, ಕಡಲು, ವಿರಹ, ಎಲ್ಲ ಇದ್ದವು. ಕಾಗುಣಿತದ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ವಾರಪತ್ರಿಕೆಗೆ ಕಳಿಸಿದ ಹನ್ನೊಂದೂ ಹೋದ ದಾರಿಯಲ್ಲೇ ಮರಳಿ ಬಂದಿದ್ದವು.

ಆ ದಿನ ಬೆಳಿಗ್ಗೆ ಅದೇ ವಾರಪತ್ರಿಕೆಯ ಕರಡು ಪುಟ ಅವಳ ಮೇಜಿಗೆ ಬಂತು. ಕವನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಕವಿತೆ. ಬರೆದವಳು ಅವಳ ಒಡಹುಟ್ಟಿದ ತಂಗಿ, ಪುಟ್ಟಿ.

ಪುಟ್ಟಿ ಎದುರು ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಶಾಲೆಯಲ್ಲಿದ್ದಾಗ ರಜಾಚೀಟಿಯಲ್ಲಿ ತಲೆನೋವಿನ ಬದಲು ‘ತೊಲೆ ನೋವು’ ಎಂದು ಬರೆದು, ‘ಮನೆ ಬಿದ್ದೀತು, ಬಡಗೀನ ಕರೆಸು’ ಎಂದು ಮೇಷ್ಟರಿಂದ ಅನ್ನಿಸಿಕೊಂಡವಳು. ಅಂಥವಳು ಕವಿತೆ ಬರೆಯುತ್ತಾಳೆಂಬುದೇ ಕಾಗುಣಿತಮ್ಮನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಹೇಳದೆ ಸ್ಪರ್ಧೆಗೆ ಬೇರೆ ಕಳಿಸಿದ್ದಾಳೆ. ಹೊಟ್ಟೆಯೊಳಗೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದ ಹಾಗಾಯಿತು.

ಮೊದಲ ಸಾಲುಗಳು ಹೀಗಿದ್ದವು:

ಅಪ್ಪನ ಹಗಲ ಮೇಲೆ ಕೂತು
ನಾನು ಊರು ನೋಡಿದೆ.
ಅಪ್ಪ ಆಕಳಿಸಿದಾಗಲೆಲ್ಲ
ಊರು ಚೂರು ಅಲುಗಿತು.

ಕಣ್ಣು ಮುಂದಿನ ಸಾಲಿಗೆ ಹೋಗುವ ಮೊದಲೇ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ‘ಹ’ದ ನೆತ್ತಿಯ ಮೇಲೊಂದು ಎತ್ವ. ಹಗಲು ಹೆಗಲಾಯಿತು.

ಆಕಳಿಕೆಯ ಸಾಲು ಓದಿದ ಮೇಲೆ ಅವಳಿಗೆ ತಿಳಿಯಿತು, ತಪ್ಪಿದ್ದದ್ದು ತನ್ನ ಕೈ. ಅಪ್ಪ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ. ಹಗಲು ಮಲಗಬೇಕಾದವನು ಪುಟ್ಟಿಯ ಕೈ ಹಿಡಿದು, ಆಕಳಿಸುತ್ತಾ, ಬೀದಿ ಬೀದಿ ಸುತ್ತುತ್ತಿದ್ದ. ಅಕ್ಕನಾದವಳು ಶಾಲೆಯಿಂದ ಮನೆಗೆ ಬರುವಾಗ ಅವನು ಟಾರ್ಚು ಹಿಡಿದು ಹೊರಟಿರುತ್ತಿದ್ದ. ಆಗ ಅಪ್ಪನೂ ಪುಟ್ಟಿಯ ಪಾಲು, ಈಗ ಕವಿತೆಯೂ ಪುಟ್ಟಿಯ ಪಾಲು.

ಅಪ್ಪನ ಹೆಗಲನ್ನು ಊರಿಗೆಲ್ಲ ಬರೆಯಲು ಬರುತ್ತದೆ. ಅಪ್ಪನ ಹಗಲನ್ನು ಬರೆದವರನ್ನು ಅವಳು ಈ ಹದಿನೇಳು ವರ್ಷಗಳಲ್ಲಿ ಕಂಡಿರಲಿಲ್ಲ. ಎತ್ವ ಹಾಗೇ ಇದ್ದರೆ ಕವಿತೆ ಹತ್ತರ ಜೊತೆ ಹನ್ನೊಂದಾಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ತೊಲೆ ನೋವಿನ ಪುಟ್ಟಿಯ ಪರವಾಗಿ ಯಾರು ವಾದ ಮಾಡುತ್ತಾರೆ? ಅವಳು ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

“ಊಟ ಆದ್ಮೇಲೆ ಆ ಪುಟ ಮಷಿನ್‌ಗೆ ಹೋಗ್ಬೇಕು ಕಾಗುಣಿತಮ್ನೋರೆ,” ಎಂದ ಫೋರ್‌ಮನ್. “ತಂಗೀದು ಅಂತ ಮುದ್ದು ಮಾಡ್ತಾ ಕೂತ್ಕೋಬೇಡಿ.”

ಮಧ್ಯಾಹ್ನ ಪುಟ್ಟಿ ಎಂದಿನಂತೆ ಡಬ್ಬಿ ಹಿಡಿದು ಬಂದಳು. ಮೈಯೆಲ್ಲ ಬಿಸಿ ಬಟ್ಟೆಯ ವಾಸನೆ.

“ಅಕ್ಕಾ, ಓದಿದ್ಯಾ?”

“ಓದ್ದೆ. ನಂಗೊಂದ್ ಮಾತು ಹೇಳೋಕೆ ಬಾಯಿಗೇನು ಬೀಗ ಬಿದ್ದಿತ್ತಾ?”

“ನಿಂಗೆ ಮೊದ್ಲೇ ತೋರ್ಸಿದ್ರೆ ಪೂರ್ತಿ ಕೆಂಪಾಗಿರೋದು. ಆಮೇಲೆ ಕಳ್ಸೋ ಧೈರ್ಯ ಬರ್ತಿರ್ಲಿಲ್ಲ.” ಪುಟ್ಟಿ ಡಬ್ಬಿ ಬಿಚ್ಚಿದಳು. “ಎಷ್ಟು ತಪ್ಪಿತ್ತು?”

“ಒಂದೇ. ನೀನು ಹೆಗಲಿಗೆ ಎತ್ವ ಹಾಕೋದು ಬಿಟ್ಟಿದ್ದೆ.”

ತುತ್ತು ಪುಟ್ಟಿಯ ಕೈಯಲ್ಲೇ ನಿಂತಿತು. “ಅದು ಹಗಲೇ ಅಕ್ಕಾ.”

ಕಾಗುಣಿತಮ್ಮ ಅನ್ನ ಕಲೆಸುತ್ತಾ ಕೂತಳು.

“ಹೆಗಲು ನಿನ್ ಕಾಲಕ್ಕೇ ಮುಗೀತಲ್ಲ. ಅಪ್ಪ ಮೂಟೆ ಹೊರೋ ಕೆಲ್ಸದಲ್ಲಿದ್ದಾಗ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಪೇಟೆಯೆಲ್ಲ ತೋರಿಸ್ತಿದ್ರಂತೆ. ನಾನು ಹುಟ್ಟೋ ಹೊತ್ತಿಗೆ ಬೆನ್ನು ಹೋಗಿತ್ತು. ಅದಕ್ಕೇ ತಾನೆ ಕಾವಲು ಕೆಲ್ಸ ಹಿಡಿದಿದ್ದು? ಅಮ್ಮ ಆ ಕತೆ ಹೇಳ್ದಾಗೆಲ್ಲ ನಂಗೆ ಹೊಟ್ಟೆ ಧಗಧಗ ಅನ್ನೋದು. ಒಂದ್ಸಲ ನಿನ್ ರಿಬ್ಬನ್ ಒಲೆಗೆ ಹಾಕಿದ್ದೆ, ಗೊತ್ತಾ?”

“ಇಲಿ ಎಳ್ಕೊಂಡು ಹೋಯ್ತು ಅಂದಿದ್ಯಲ್ಲೇ.”

“ಇಲಿಗ್ಯಾಕೆ ರಿಬ್ಬನ್ನು? ಜಡೆ ಹಾಕ್ಕೊಳ್ಳುತ್ತಾ?” ಪುಟ್ಟಿ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: “ಹೆಗಲು ಸಿಗ್ಲಿಲ್ಲ ಅಂತಾನೇ ಹಗಲು ಅಂತ ಬರೆದೆ. ಆದ್ರೆ ನೀನು ತಿಳಿದೋಳು. ಹೆಗಲೇ ಸರಿ ಅಂದ್ರೆ ಹಾಗೇ ಹೋಗ್ಲಿ ಬಿಡು.”

ಬೈದಿದ್ದರೆ ಕಾಗುಣಿತಮ್ಮ ಎದುರು ಬೈದು ಹಗುರಾಗುತ್ತಿದ್ದಳು. ‘ನೀನು ತಿಳಿದೋಳು’ ಎಂದವಳಿಗೆ ಬೈಯುವುದು ಹೇಗೆ?

ಪುಟ್ಟಿ ಹೋದ ಮೇಲೆ ಫೋರ್‌ಮನ್ ಬಂದು ಕೈ ಚಾಚಿದ. ಕಾಗುಣಿತಮ್ಮ ಪುಟವನ್ನು ತನ್ನತ್ತ ಎಳೆದುಕೊಂಡು ಎತ್ವವನ್ನು ಹೊಡೆದುಹಾಕಿದಳು. ಅಂಚಿನಲ್ಲಿ ‘ಇದ್ದಂತೆಯೇ ಇರಲಿ’ ಎಂದು ಬರೆದಳು.

“ಇದು ತಪ್ಪಲ್ವಾ?” ಎಂದ ಅವನು ಇಣುಕಿ ನೋಡಿ. “ಕಾಗುಣಿತಮ್ಮಂಗೆ ಕಣ್ಣು ಮಂಜಾಯ್ತು ಅಂತಾರೆ ಜನ.”

“ಅನ್ಲಿ ಬಿಡಿ. ತಗೊಂಡು ಹೋಗಿ.”

ಮಷಿನ್ ಶುರುವಾಗಿ ಮೇಜು ಅದುರತೊಡಗಿತು. ಅವಳು ರದ್ದಿ ಹಾಳೆಯೊಂದನ್ನು ಮಗುಚಿದಳು. ಹೆಗಲ ನೆನಪು ಅವಳಿಗೂ ಇತ್ತು. ಬರೆಯುವಂಥದ್ದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ, ಅಷ್ಟೆ. ಮುಷ್ಟಿಯಲ್ಲಿ ಹಿಡಿದ ಅಪ್ಪನ ಜಿಡ್ಡು ಕೂದಲು, ಕಾಲಿಗೆ ಚುಚ್ಚುವ ಗೋಣಿಯ ನಾರು, ಕೆಳಗೆ ಹರಿದು ಹೋಗುವ ಜನರ ನೆತ್ತಿಗಳು.

ಹೆಗಲ ಮೇಲಿಂದ ಎಲ್ಲ ಕಂಡಿತು,
ಅಪ್ಪನ ಮುಖವೊಂದು ಬಿಟ್ಟು.

ಬೆಳದಿಂಗಳೂ ಇಲ್ಲ, ಕಡಲೂ ಇಲ್ಲ. ಕೆಂಪು ಪೆನ್ನು ಆ ಎರಡು ಸಾಲಿನ ಮೇಲೆ ಸುಮ್ಮನೆ ತೂಗಾಡಿತು. ಆ ಮುಖವನ್ನು ಪುಟ್ಟಿ ಹಗಲಿಡೀ ನೋಡಿದ್ದಾಳೆ ಎಂದು ನೆನಪಾಗಿ ಹೊಟ್ಟೆ ಮತ್ತೆ ಉರಿಯಿತು. ಉರಿಯುತ್ತಿದ್ದ ಹಾಗೆಯೇ ಅವಳು ಮೂರನೆಯ ಸಾಲು ಬರೆದಳು.