ರಂಗೂನಿನ ಓಣಿ

"ತಡೀರಿ, ಇದ್ನ ತಿರುವಬ್ಯಾಡ್ರಿ" ಎಂದಳು ಅನ್ನವ್ವ, ಗಾಜಿಗೆ ಒತ್ತಿದ ಕಣ್ಣು ತೆಗೆಯದೆ. ಚಿತ್ರ ತೋರಿಸುವ ಪೆಟ್ಟಿಗೆಯ ಹಿಡಿಕೆಗೆ ಕೈಯಿಟ್ಟಿದ್ದ ಮೆಹಬೂಬ ಸುಮ್ಮನೆ ನಿಂತ.

ಸವಣೂರಿನ ಮೆಹಬೂಬ ಹತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದವನು. ರಂಗೂನು, ಪಿನಾಂಗು, ಕೊಲಂಬೊ ಎಂದು ಇಳಿದ ಊರಲ್ಲೆಲ್ಲ ಕ್ಯಾಮೆರಾ ಹಿಡಿದು ತಿರುಗಿದ್ದ. ಗುಡಿ ಗೋಪುರ ಎಲ್ಲರೂ ತೆಗೆಯುತ್ತಾರೆ, ಮಂದಿ ಇರುವುದು ಓಣಿಯಲ್ಲಿ ಎನ್ನುತ್ತಿದ್ದ. ಆ ಓಣಿಗಳನ್ನೇ ಪೆಟ್ಟಿಗೆಯೊಳಗೆ ಸುತ್ತಿಟ್ಟು ಈಗ ಅಕ್ಕಿಆಲೂರ ಸಂತೆಗೆ ತಂದಿದ್ದ.

ಗಾಜಿನಾಚೆ ರಂಗೂನು. ಎರಡೂ ಬದಿಗೆ ಕಟ್ಟಿಗೆಯ ಮನೆಗಳು, ಮೇಲಿನಿಂದ ಜೋತುಬಿದ್ದ ಒದ್ದೆ ಬಟ್ಟೆ, ಒಂದು ಚಹಾದಂಗಡಿ. ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತವನೊಬ್ಬ ಬಲಗೈಯನ್ನು ಕತ್ತಿನ ಹಿಂದಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಎರಡು ವರ್ಷದ ಕೂಸೊಂದು ಅವನ ಅಂಗಿ ಹಿಡಿದು ನಿಂತಿತ್ತು. ರೊಟ್ಟಿ ಬೇಯುವ ತನಕ ಒಲೆಯ ಮುಂದೆ ಅವಳ ಗಂಡ ಲಕ್ಕಪ್ಪ ಹೀಗೇ ಕೂರುತ್ತಿದ್ದ. ಅದೇ ಮುಖ.

ದುಡಿಯಲು ಮುಂಬೈ ಬಂದರಿಗೆ ಹೋದ ಲಕ್ಕಪ್ಪ ಹಡಗಿನಲ್ಲಿ ತೀರಿಕೊಂಡನೆಂದು, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಹಿರೇಕೆರೂರಿನವನೊಬ್ಬ ಸುದ್ದಿ ತಂದಿದ್ದ. ಅದಾಗಿ ಐದು ವರ್ಷ. ಕುಲದ ಹಿರಿಯ ಗೋಣೆಪ್ಪನೇ ಮುಂದೆ ನಿಂತು, ಹೆಂಡತಿ ಸತ್ತ ನೀಲಪ್ಪನೊಂದಿಗೆ ಅವಳ ಉಡಿಕೆ ಗೊತ್ತು ಮಾಡಿದ್ದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರಲ್ಲಿ ನಡೆದುಬಂದದ್ದೇ. ಗಂಡ ಬದುಕಿದ್ದರೆ ಮಾತ್ರ ಅವನ ಕೈಯಿಂದಲೇ ಬಿಡುಗಡೆಯ ಸೋಡಚೀಟಿ ಬರಬೇಕು. ಅದಿಲ್ಲದೆ ಕೂಡಿದವರ ಮನೆಯ ನೀರು ಯಾರೂ ಮುಟ್ಟರು. ಉಡಿಕೆ ಗುರುವಾರ. ಸೀರೆಗೆಂದು ನೀಲಪ್ಪ, ಅವನ ಅಕ್ಕ ಹುಚ್ಚವ್ವ, ಅನ್ನವ್ವ ಮೂವರೂ ಸಂತೆಗೆ ಬಂದಿದ್ದರು.

"ರಂಗೂನದಾಗ ಮನಿ ಹೂಡಿದಿಯೇನವಾ? ನಮಗೂ ಒಂದೀಟು ಜಾಗಾ ಬಿಡು" ಎಂದಳು ಹಿಂದೆ ನಿಂತ ಹುಚ್ಚವ್ವ.

ಅನ್ನವ್ವ ತಲೆ ಎತ್ತಿದಳು. ಇದನ್ನು ಯಾವಾಗ ತೆಗೆದದ್ದೆಂದು ಮೆಹಬೂಬನನ್ನು ಮೆಲ್ಲಗೆ ಕೇಳಿದಳು.

"ಹ್ವಾದ ವರ್ಷ, ತಂಗಿ. ನಮ್ಮ ಕಡೀ ಮಾತು ಕಿವಿಗೆ ಬಿತ್ತಂತ ನಿಂತೆ. ಯಾವೂರಪ್ಪಾ ಅಂದ್ರ ಬರೇ ನಕ್ಕ."

ಹುಚ್ಚವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಲಕ್ಕಪ್ಪನನ್ನು ಅವಳೂ ಬಲ್ಲಳು. ಅಷ್ಟರಲ್ಲಿ ನೀಲಪ್ಪ, ಅನ್ನವ್ವನ ಮುಖ ನೋಡಿದವನು, ಅಕ್ಕನನ್ನು ಸರಿಸಿ ತಾನೇ ಬಗ್ಗಿದ. ಬಗ್ಗಿದವನ ಬೆನ್ನು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಅವನ ಕೈ ತಡವರಿಸುತ್ತ ಹೋಗಿ ಹಿಡಿಕೆ ಹುಡುಕಿತು. ಒಂದು ಸುತ್ತು ತಿರುವಿತು.

"ಈಗ ನೋಡಬೇ ಯಕ್ಕಾ" ಎಂದ.

ಹುಚ್ಚವ್ವ ಕೊಲಂಬೊ ನೋಡುತ್ತ ನಗತೊಡಗಿದಳು.

ಅನ್ನವ್ವ ಎತ್ತಿನ ಸಾಲಿನ ಕಡೆಗೆ ನಡೆದಳು. ನೀಲಪ್ಪ ಹಿಂದೆಯೇ ಬಂದ. ಅವನಂಥವನು ಇನ್ನೊಬ್ಬ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಣ್ಣನ ಮನೆಯ ಹಿಟ್ಟಿನ ಮಡಕೆಗೆ ಕೈ ಹಾಕುವಾಗಲೆಲ್ಲ ಅತ್ತಿಗೆಯ ಕಣ್ಣು ಎಲ್ಲಿರುತ್ತದೆಂಬುದೂ ಗೊತ್ತಿತ್ತು. ಶ್ರಾವಣದಲ್ಲಿ ಗುಡಿಕಟ್ಟೆಯ ಮೇಲೆ ಪುರಾಣ ಓದುವವರು, ಸತ್ಯದ ಮಾತು ಬಂದಲ್ಲಿ ದನಿ ಏರಿಸದೆ ತಗ್ಗಿಸುತ್ತಿದ್ದರು. ಜನ ಉಸಿರು ಹಿಡಿದು ಕೇಳಬೇಕಾಗುತ್ತಿದ್ದುದು ಅವಳಿಗೆ ನೆನಪಾಯಿತು.

"ಯಾಕ ತಿರುವಿದ್ರಿ?"

"ಅಕ್ಕ ನೋಡಿದ್ರ ಸಂಜೀಕ ಊರೆಲ್ಲಾ ನೋಡಿದಂಗ." ಅವನು ಎತ್ತಿನ ಕೊಂಬು ಸವರುತ್ತ ನಿಂತ. "ಅಂವ ಹೊಳ್ಳಿ ಬರಾಂವಲ್ಲ, ಅನ್ನವ್ವ. ಕೂಸು ಕಂಡಿಲ್ಲೇನು?"

"ಕಂಡೇನ್ರಿ."

"ಮತ್ತ? ನಾವಿಬ್ರ ಬಾಯಿ ಮುಚ್ಚಿಕೊಂಡ್ರ ಮುಗೀತು."

"ಒಂದ ಮನ್ಯಾಗ ಇಬ್ರೂ ಬಾಯಿ ಮುಚ್ಚಿಕೊಂಡು ಎಷ್ಟು ದಿನಾ ಉಣ್ಣೂದ್ರಿ?"

ಗೋಣೆಪ್ಪ ಅಕ್ಕಿ ಗಿರಣಿಯ ಮುಂದೆ ಚೀಲದ ಮೇಲೆ ಕುಳಿತದ್ದು ಅಲ್ಲಿಂದಲೇ ಕಾಣುತ್ತಿತ್ತು. ಅನ್ನವ್ವ ಹೋಗಿ ಕಾಲು ಮುಟ್ಟಿ, ನಾಲ್ಕು ಮಾತಿನಲ್ಲಿ ಹೇಳಿ, ತಾವೇ ಬಂದು ನೋಡಬೇಕು ಎಂದಳು. ಮುದುಕ ಅವಳನ್ನು ದಿಟ್ಟಿಸಿ, ಹೇಳದಿದ್ದರೆ ಆಗುತ್ತಿರಲಿಲ್ಲವೇ ಎನ್ನುವವನಂತೆ ತುಟಿ ತೆರೆದವನು ಚೀಲದ ಮೇಲಿಂದ ಎದ್ದ.

ಸಂತೆಯ ಮಂದಿ ದಾರಿ ಬಿಟ್ಟರು. ಹುಚ್ಚವ್ವನ ನಗು ನಿಂತಿತ್ತು. ಮೆಹಬೂಬ ಚಿತ್ರಗಳನ್ನು ರಂಗೂನಿನ ತನಕ ಹಿಂದಕ್ಕೆ ಸುತ್ತಿದ. ಗೋಣೆಪ್ಪ ರುಮಾಲು ತೆಗೆದು ಗಾಜಿಗೆ ಕಣ್ಣಿಟ್ಟು, ಬಿಸಿಲಿಗೆ ಏನೂ ಕಾಣುತ್ತಿಲ್ಲ ಎಂದ.

ನೀಲಪ್ಪ ಹೆಗಲ ಮೇಲಿನ ವಸ್ತ್ರ ಬಿಚ್ಚಿದ. ಎರಡೂ ಕೈಯಲ್ಲಿ ಅಗಲಿಸಿ, ಮುದುಕನ ತಲೆಯ ಮೇಲೆ ನೆರಳು ಹಿಡಿದು ನಿಂತ.