ಅತ್ತೆ ಕರೆದೊಯ್ದ ತವರು

ಹೆಂಗಸರು ಉಪವಾಸವಿದ್ದು ಹಾಡಿ ಕುಣಿಯುವ ತೀಜ್ ಹಬ್ಬಕ್ಕೆ ಹೆಣ್ಣುಮಗಳನ್ನು ಕರೆಯಲು ತವರಿನಿಂದ ಯಾರಾದರೂ ಬರಲೇಬೇಕು. ಕರೆಯದೆ ಹೋಗುವುದು ನಮ್ಮ ಗುಲ್ಮಿ ಜಿಲ್ಲೆಯ ಬೆಟ್ಟದೂರುಗಳಲ್ಲಿ ಮರ್ಯಾದೆಯಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಕರೆಯುವವನೆಂದರೆ ಅಣ್ಣ ಠಾನೇಶ್ವರ ಒಬ್ಬನೇ. ಈ ವರ್ಷ ಅವನು ಬಂದ. ಬಂದವನು ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಒಂದು ಷರತ್ತು ಹಾಕಿದ.

"ಈ ಸಲ ನನ್ನ ಮೇಲೆ ಹಾಡು ಕಟ್ಟಬಾರದು. ಅಮ್ಮನಾಣೆ ಅಂತ ಹೇಳು, ಈಗ್ಲೇ ಹೊರಡೋಣ."

"ನಲ್ಲಿ ಬೇಲಿಯಿಂದ ಆಚೆ ಬಂತಾ?"

"ಅದು ಬೇರೆ ಮಾತು."

"ಹಾಗಾದ್ರೆ ಹಾಡೂ ಬೇರೆ ಮಾತೇ."

ಊರಿನವರಿಗೆಂದು ಬೆಟ್ಟದ ಒರತೆಯಿಂದ ಕೊಳವೆ ಎಳೆದು ತಂದ ನಲ್ಲಿ ಅದು. ನೀರಿನ ಸಮಿತಿಗೆ ನನ್ನ ಅಣ್ಣನೇ ಅಧ್ಯಕ್ಷ. ಅಧ್ಯಕ್ಷರು ಏನು ಮಾಡಿದರೆಂದರೆ, ನಲ್ಲಿಯನ್ನು ತಮ್ಮ ಮನೆಯ ಮಗ್ಗುಲಲ್ಲೇ ಹಾಕಿಸಿ, ಸುತ್ತ ಬಿದಿರಿನ ಬೇಲಿ ಕಟ್ಟಿಸಿಕೊಂಡರು. ಊರಿನ ಹೆಂಗಸರು ಕೊಡ ಹಿಡಿದು ಅವನ ಅಪ್ಪಣೆಗೆ ಕಾಯಬೇಕು. ಹೋದ ವರ್ಷ ತೀಜ್ ದಿನ ನಾನು ಅದನ್ನೇ ಹಾಡಿದೆ. ಆ ದಿನ ಹೆಂಗಸರು ಹೊಟ್ಟೆಯಲ್ಲಿದ್ದದ್ದನ್ನು ಹಾಡಬಹುದು, ಕೇಳಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ.

"ಪೇಟೆಯಲ್ಲಿ ಹುಡುಗರು ನನ್ನ ಬೆನ್ನ ಹಿಂದೆ ಅದನ್ನೇ ಗುನುಗ್ತಾರೆ ಕಣೇ," ಎಂದ ಅಣ್ಣ. "ಟೀ ಅಂಗಡಿಯವನು ನೀರಿನ ಲೋಟ ಇಡೋವಾಗ್ಲೂ ನಗ್ತಾನೆ. ಒಡಹುಟ್ಟಿದೋಳು ಮಾಡೋ ಕೆಲ್ಸಾನಾ ಇದು?"

"ನಗೋ ಹಾಗೆ ಮಾಡ್ಕೊಂಡೋನು ನೀನು. ನಾನು ಬರೀ ತಾಳ ಹಾಕ್ದೆ."

ಅವನು ಕೊಡೆ ಎತ್ತಿಕೊಂಡು ಎದ್ದ. "ಬಾಯಿ ಕಟ್ಕೊಂಡು ಬರೋದಾದ್ರೆ ಹೇಳಿ ಕಳಿಸು," ಎಂದವನೇ ಮಳೆಯಲ್ಲಿ ಇಳಿದು ಹೊರಟುಹೋದ.

ಬಾಯಿ ಜೋರಿನವಳು ನಾನು, ಒಪ್ಪುತ್ತೇನೆ. ಆದರೆ ಅವನ ಕೊಡೆ ತಿರುವಿನಲ್ಲಿ ಮರೆಯಾದದ್ದೇ ನನ್ನ ಜೋರೆಲ್ಲ ಇಳಿದುಹೋಯಿತು. ಹಾಡಿದರೆ ತವರಿಲ್ಲ, ತವರು ಬೇಕಾದರೆ ಹಾಡಿಲ್ಲ. ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ಕೂತು ಅತ್ತುಬಿಟ್ಟೆ.

ನನ್ನ ಗಂಡನ ತಾಯಿ ದೇವಕಲಾ ಅಲ್ಲಿಗೂ ಬಂದರು. ಮದುವೆಯಾದಾಗಿನಿಂದ ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ. ಮಗ ದೋಹಾದಲ್ಲಿ ದುಡಿಯುತ್ತಾನೆ, ನಡುವೆ ಬಿಡಿಸುವವರೂ ಇಲ್ಲ.

"ಹಾಗೆ ಅಳಬೇಡ, ಎಮ್ಮೆ ಹೆದರಿ ಹಾಲು ಬಿಡಲ್ಲ," ಎಂದರು. "ಹೋಗು, ಕೆಂಪು ಸೀರೆ ತೆಗಿ."

"ಯಾರು ಕರ್ಕೊಂಡು ಹೋಗ್ತಾರೆ?"

"ನಾನು."

"ಸೊಸೇನ ತವರಿಗೆ ಅತ್ತೆ ಕರ್ಕೊಂಡು ಹೋಗೋದು ಎಲ್ಲಾದ್ರೂ ಉಂಟಾ?"

"ನಿನ್ನ ನಾಲಿಗೇನ ವರ್ಷವಿಡೀ ಸಹಿಸ್ಕೊಳ್ಳೋಳು ನಾನು. ಅವನಿಗೆ ಒಂದು ದಿನ ಸಹಿಸ್ಕೊಳ್ಳೋಕೆ ಏನು ರೋಗ?"

"ಮಾವನ ಊಟ?"

"ಅವಲಕ್ಕಿ ಇದೆ, ಮೊಸರಿದೆ, ಎರಡು ಕೈನೂ ಇದೆ."

ಹೊರಟೆವು. ದಾರಿಯಲ್ಲಿ ನನಗೆ ಹೆದರಿಕೆ ಹತ್ತಿತು. ಕಾರಣ ಅಣ್ಣನಲ್ಲ. ತವರಿನ ಅಂಗಳದಲ್ಲಿ ಪ್ರತಿ ವರ್ಷ ನಾನು ಮೊದಲು ಹಾಡುವುದೇ ಅತ್ತೆಯ ಮೇಲೆ. ಯಾವ ಊರಿನಲ್ಲೂ ಆ ಹಾಡನ್ನು ಕೇಳಲು ಅತ್ತೆಯೇ ಬಂದು ಕೂತದ್ದಿಲ್ಲ.

ತೂಗುಸೇತುವೆಯ ನಡುವೆ ಅವರು ಕಂಬಿ ಹಿಡಿದು ನಿಂತರು. ಕೆಳಗೆ ಬಡಿಗಾಡ್ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು.

"ನನ್ನಣ್ಣನೂ ಬರೋದು ನಿಲ್ಲಿಸಿದ," ಎಂದರು. "ನಾನು ಅವನ ಮೇಲೆ ಒಂದು ಹಾಡೂ ಕಟ್ಟಲಿಲ್ಲ ಕಣೇ. ಬಾಯಿ ಮುಚ್ಕೊಂಡಿದ್ರೆ ಕರೀತಾನೆ ಅಂದ್ಕೊಂಡಿದ್ದೆ. ಪ್ರತಿ ತೀಜ್‌ಗೂ ಬಾಗಿಲಲ್ಲಿ ಕೂತು ದಾರಿ ನೋಡ್ದೆ. ಬರಲಿಲ್ಲ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ನನಗಿದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವರ ಕೈಚೀಲವನ್ನು ನಾನು ಇಸಿದುಕೊಂಡೆ.

ಬೀಗಿತ್ತಿಯನ್ನು ಅಂಗಳದಲ್ಲಿ ಕಂಡು ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ತಂಗಿಯ ಅತ್ತೆಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. "ಬನ್ನಿ ಅಮ್ಮ, ಬನ್ನಿ," ಎಂದು ಕಾಲಿಗೆ ಬಿದ್ದ. ಅತ್ತಿಗೆಯನ್ನು ಅವಳ ಅಣ್ಣ ಆಗಲೇ ಕರೆದೊಯ್ದಿದ್ದರಿಂದ, ಉಪವಾಸದ ಹಿಂದಿನ ಸಂಜೆಯ ಹಬ್ಬದೂಟವನ್ನು ಅಧ್ಯಕ್ಷರೇ ಬೇಯಿಸಬೇಕಾಯಿತು. ಪಾಯಸ ತಳ ಹಿಡಿದಿತ್ತು. ಅತ್ತೆ ಎರಡು ಸಲ ಬಡಿಸಿಕೊಂಡು ತಿಂದರು.

ಮರುದಿನ ಮಳೆ ಬಿಡುವು ಕೊಟ್ಟಿತು. ಊರಿನ ದೊಡ್ಡ ಅಂಗಳ ನಮ್ಮದೇ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಕೆಂಪು ಸೀರೆಯುಟ್ಟು, ಹನಿ ನೀರೂ ಮುಟ್ಟದೆ, ಸುತ್ತುಗಟ್ಟಿ ನಿಂತರು. ಮಾದಲ್ ಡೋಲು ಬಡಿಯತೊಡಗಿತು. ನಾನು ಶಿವನನ್ನು ಹಾಡಿದೆ, ಪಾರ್ವತಿಯನ್ನು ಹಾಡಿದೆ, ಮಳೆಯನ್ನು ಹಾಡಿದೆ, ಜೋಳದ ತೆನೆಯನ್ನು ಸಹ ಹಾಡಿದೆ. ಚಾಪೆಯ ಮೇಲೆ ಅತ್ತೆ, ಜಗಲಿಯಲ್ಲಿ ಅಣ್ಣ. ಇಬ್ಬರ ಕಡೆಗೂ ನೋಡಲು ಧೈರ್ಯವಾಗಲಿಲ್ಲ.

"ಏನೇ, ನಾಲಿಗೆಗೂ ಉಪವಾಸಾನಾ?" ಅತ್ತೆ ಎಲ್ಲರಿಗೂ ಕೇಳುವಂತೆ ಕೂಗಿದರು. "ನನ್ನ ಮೇಲೆ ಏನೋ ಇದೆಯಂತಲ್ಲ, ಅದನ್ನ ಹಾಡು. ಅದಕ್ಕೇ ಇಷ್ಟು ದೂರ ಬಂದಿರೋದು."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬಂದದ್ದು ಬರಲಿ ಎಂದು ಹಾಡಿದೆ:

"ಕೋಳಿಗಿಂತ ಮೊದಲೇ ನಮ್ಮತ್ತೆ ಕೂಗುತ್ತೆ,
ಕೆಲಸ ಹೋದ ಕೋಳಿ ಮತ್ತೆ ಮಲಗುತ್ತೆ!
ಹಾಲಿನ ಕೆನೆಯೆಲ್ಲ ಮಗನ ಬಟ್ಟಲಿಗೆ,
ತಳದ ಸೀಕಲು ಮಾತ್ರ ಸೊಸೆಯ ತಟ್ಟೆಗೆ!"

ಮಾದಲ್ ನಿಂತಿತು. ಅತ್ತೆ ಹೊಟ್ಟೆ ಹಿಡಿದು ನಕ್ಕರು.

"ಕೋಳಿ ಮಾತು ನಿಜ. ಕೆನೆ ಮಾತು ಅರ್ಧ ನಿಜ. ನನ್ನದು ಮುಗೀತಲ್ಲ, ಇನ್ನು ಯಾರ ಸರದಿ?" ಎನ್ನುತ್ತ ಜಗಲಿಯ ಕಡೆ ತಿರುಗಿದರು. ಅಣ್ಣ ಎದ್ದವನು ಮತ್ತೆ ಕೂತ. ಬೀಗಿತ್ತಿಯೇ ಕೂತು ಕೇಳುವಾಗ ಅವನು ಎದ್ದು ಹೋಗುವುದೆಲ್ಲಿಗೆ!

ನನ್ನ ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು:

"ಊರಿಗೆ ಬಂದ ನಲ್ಲಿ ಅಣ್ಣನ ಮನೆ ಹೊಕ್ಕಿತು,
ಊರಿನ ಕೊಡವೆಲ್ಲ ಬೇಲಿಯಾಚೆ ಬಿಕ್ಕಿತು!
ಅಣ್ಣನ ಎಮ್ಮೆಗೆ ದಿನಕ್ಕೆರಡು ಸ್ನಾನ,
ಅಕ್ಕತಂಗಿಯರಿಗೆ ಗುಟುಕಿಗೂ ಅವಮಾನ!"

ಹೆಂಗಸರೆಲ್ಲ ಒಂದೇ ದನಿಯಲ್ಲಿ ಅದನ್ನು ಎತ್ತಿಕೊಂಡರು. ನಾನು ನಿಲ್ಲಿಸಲಿಲ್ಲ. ಹೊಸದನ್ನೂ ಹಾಡಿದೆ:

"ಕರೆಯೋಕೆ ಬಂದಣ್ಣ ಬಾಯಿಗೆ ಬೀಗ ತಂದ,
ಬೀಗ ಹಾಕಿಕೊಂಡರೆ ಮಾತ್ರ ತವರು ಎಂದ!
ನಾಲಿಗೆ ಬಿಟ್ಟು ಬರಲು ನಾನು ಗೊಂಬೆಯೇನೋ,
ಅಮ್ಮ ಹಾಡು ಕಲಿಸಿದ್ದು ನಿನಗೆ ಮರೆತುಹೋಯಿತೇನೋ!"

ಕೊನೆಯ ಸಾಲಿಗೆ ನನ್ನ ದನಿ ಒಡೆಯಿತು. ಅಷ್ಟರಲ್ಲಿ ಸುತ್ತಿನೊಳಗೆ ಯಾರೋ ಕಾಲಿಟ್ಟರು. ನೋಡಿದರೆ ಅತ್ತೆ! ಮಂಡಿನೋವಿನ ಆ ಮುದುಕಿ ಒಂದು ಕೈ ಸೊಂಟಕ್ಕಿಟ್ಟು, ಒಂದು ಕೈ ಮೇಲೆತ್ತಿ, ನಡುಗುವ ದನಿಯಲ್ಲಿ ಶುರುಮಾಡಿದರು:

"ಹೊಳೆಯ ಆಚೆ ತವರು, ನಡುವೆ ಸೇತುವೆಯುಂಟು,
ದಾಟಲು ಕಾಲುಂಟು, ಕರೆಯುವವರು ಯಾರುಂಟು?"

ಯಾರೂ ನಗಲಿಲ್ಲ. ಮಾದಲ್ ಬಾರಿಸುತ್ತಿದ್ದವಳ ಕಣ್ಣಲ್ಲಿ ನೀರು. ಆದರೂ ಅವಳು ತಾಳ ಬಿಡಲಿಲ್ಲ.

ಅಣ್ಣ ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಖುಕುರಿ ಕತ್ತಿ ಹಿಡಿದು ಹೊರಗೆ ಬಂದ. ಯಾರೋ ಚಿಟ್ಟನೆ ಚೀರಿದರು. ಅವನು ಯಾರ ಮುಖವನ್ನೂ ನೋಡದೆ ನೆಟ್ಟಗೆ ನಲ್ಲಿಯ ಹತ್ತಿರ ಹೋಗಿ ಬೇಲಿಯ ಕಟ್ಟು ಕಡಿದ. ಒಂದು ಬಿದಿರು ಬಿತ್ತು, ಇನ್ನೊಂದು ಬಿತ್ತು. ಪ್ರತಿ ಬಿದಿರಿಗೂ ಹೆಂಗಸರು ಕೇಕೆ ಹಾಕಿದರು, ಮಾದಲ್ ಹುಚ್ಚೆದ್ದು ಕುಣಿಯಿತು. ಆ ದಿನ ನಮ್ಮಲ್ಲಿ ಒಬ್ಬಳೂ ನೀರು ಕುಡಿಯುವ ಹಾಗಿರಲಿಲ್ಲ. ಆದರೆ ಕೊಡಗಳು ಮಾತ್ರ ಓಡೋಡಿ ಬಂದವು.

ಬೆವರು ಒರೆಸಿಕೊಂಡು ಅಣ್ಣ ಅತ್ತೆಯ ಮುಂದೆ ಬಂದು ನಿಂತ.

"ಅಮ್ಮ, ಬರೋ ವರ್ಷ ಇಬ್ಬರನ್ನೂ ಕರೆಯೋಕೆ ನಾನೇ ಬರ್ತೀನಿ. ನಿಮ್ಮನ್ನೂ."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕರೆದ್ರೆ ನಾನೂ ನಿನ್ನ ಮೇಲೆ ಹಾಡು ಕಟ್ತೀನಪ್ಪ. ಯೋಚನೆ ಮಾಡಿ ಹೇಳು."

"ಕಟ್ಟಿ," ಎಂದ ಅಣ್ಣ. "ತವರಲ್ಲಿ ಹಾಡದೆ ಇನ್ನೆಲ್ಲಿ ಹಾಡ್ತೀರಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದೆಳೆದು, ಮತ್ತೆ ಸುತ್ತಿನೊಳಗೆ ನುಗ್ಗಿದರು.