ವೈನಿ ಹೊಯ್ದ ಬುಷ್

ಇದು ಎಂಜಿನ್ನಿನ ನಡುಕವೋ ರಸ್ತೆಯದೋ, ಸ್ಟೇರಿಂಗ್ ಹಿಡಿದ ಬೆರಳಿಗೆ ತಿಳಿಯುತ್ತಿಲ್ಲ, ಎಂಜಿನ್ನಿನ ಕೆಳಗೆ ಹಾಕಿಸಿದ್ದು ಹೆಚ್ಚು ಗಟ್ಟಿಯಾಯಿತೇ, ರಬ್ಬರಿಗಿಂತ ಗಟ್ಟಿ ಅಂತ ಗೊತ್ತಿದ್ದೂ ಹೊಯ್ಯಿಸಿದೆನಲ್ಲ, ಹಿಂದಿನ ಸೀಟಿನಲ್ಲಿ ವೈನಿ, ಅಣ್ಣನ ಹೆಂಡತಿ, ಬೆನ್ನಿಗೆ ತಲೆದಿಂಬು ಕೊಟ್ಟು ಕೂತಿದ್ದಾರೆ, ಕನ್ನಡಿಯಲ್ಲಿ ಹಣೆ ಮತ್ತು ಸೆರಗಿನ ಅಂಚು ಮಾತ್ರ ಕಾಣುತ್ತದೆ, ಬಾಯಿ ಕಾಣುವುದಿಲ್ಲ, ನೋವಾದರೆ ಅವರು ಬಾಯಿ ಬಿಗಿಯುತ್ತಾರೆ, ಹೇಳುವುದಿಲ್ಲ — ಸಿಂದಗಿ ದಾಟಿ ಆಯಿತು, ಎರಡೂ ಕಡೆ ತೊಗರಿ, ಓಡುವಾಗ ಗಾಡಿ ಸುಮ್ಮನಿದೆ, ನಿಂತಾಗಲೇ ಪರೀಕ್ಷೆ, ದೇವರ ಹಿಪ್ಪರಗಿಯ ಸಂದಣಿಯಲ್ಲಿ ನಿಲ್ಲಲೇಬೇಕು, ಆಗ ಎಂಜಿನ್ನಿನ ಕಂಪನ ಕಬ್ಬಿಣಕ್ಕೆ, ಕಬ್ಬಿಣದಿಂದ ಸೀಟಿಗೆ, ಸೀಟಿನಿಂದ ಆಪರೇಶನ್ ಆದ ಆ ಬೆನ್ನಿಗೆ. ಹೊರಡುವಾಗಲೇ ಕರಾರು ಹಾಕಿದ್ದಾರೆ, ಹಿಪ್ಪರಗಿಗೆ ಹೋಗೂದ್ರಾಗ ನೋವಾತಂದ್ರ ಗಾಡಿ ತಿರಗಸಬೇಕು ನೋಡು ಸಂಗಮೇಶ, ಆಮ್ಯಾಲೆ ಬಾಗೇವಾಡಿ ಹೆಸರು ನನ್ನ ಮುಂದ ಯಾರೂ ತಗೀಬಾರದು. ಬಸವನ ಬಾಗೇವಾಡಿ ಅವರ ತವರು, ಆಪರೇಶನ್ ಆದಮೇಲೆ ಅತ್ತ ಹೋಗಿಲ್ಲ, ಆಸ್ಪತ್ರೆ ಬಿಟ್ಟರೆ ಎತ್ತಲೂ ಹೋಗಿಲ್ಲ, ಇವತ್ತು ತಿರುಗಿಸಿದರೆ ಇನ್ನು ಆ ಮಂಚವೇ.

ಆ ಮಂಚ, ಪಡಸಾಲೆಯ ಮಂಚ, ಅಣ್ಣ ಬಸಂತರಾಯ ಒಳ್ಳೆಯವನು, ಒಳ್ಳೆಯತನದಿಂದಲೇ ಹೆಂಡತಿಯ ಕೈಯಿಂದ ನೀರಿನ ಚರಗಿಯನ್ನೂ ಕಸಿದುಕೊಂಡ, ಡಾಕ್ಟರ್ ಬಗ್ಗಬ್ಯಾಡಂದಾರ, ಎತ್ತಬ್ಯಾಡಂದಾರ, ನೀ ಏನೂ ಮಾಡಬ್ಯಾಡ ವಿಜಯಲಕ್ಷ್ಮಿ, ಸುಮ್ಮ ಕೂಡು. ಅಡುಗೆಗೆ ರುಕ್ಮವ್ವ ಬಂದಳು, ವೈನಿ ಸುಮ್ಮನೆ ಕೂತರು, ಕೂತು ಕೂತು ಮಾತನ್ನೂ ಬಿಟ್ಟರು. ಮೌನ ನನಗೆ ಹೊಸದಲ್ಲ, ನನಗದು ಇಷ್ಟವೂ ಹೌದು, ಆದರೆ ಇದು ಒಲೆ ಆರಿದ ಅಡುಗೆಮನೆಯ ಹಾಗಿತ್ತು. ಗೌರಿ ಹುಣ್ಣಿಮೆ ಬಂತು, ಸಕ್ಕರೆ ಆರತಿಯ ಅಚ್ಚುಗಳು ಅಟ್ಟದಿಂದ ಇಳಿಯಲಿಲ್ಲ, ಪ್ರತಿ ವರ್ಷ ಓಣಿಯ ಹುಡುಗಿಯರ ಆರತಿ ತಟ್ಟೆಗೆಲ್ಲ ನಮ್ಮ ಮನೆಯಿಂದಲೇ ಸಕ್ಕರೆಯ ಆನೆ, ಒಂಟೆ, ನವಿಲು ಹೋಗುತ್ತಿದ್ದವು, ಈ ಸಲ ಅಂಗಡಿಯವು ಬಂದವು, ವೈನಿ ಒಂದು ಆನೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಹೊಟ್ಟಿ ತುಂಬ ಗುಳ್ಳಿ, ಅಂದರು, ಇಟ್ಟರು, ಆ ವಾರ ಅವರು ಆಡಿದ ಮಾತು ಅದೊಂದೇ ಇರಬೇಕು.

ಪಾಕ ಹೊಯ್ಯುವಾಗ ಅವರ ಕೈ — ಎತ್ತರದಿಂದ, ನೂಲಿನಷ್ಟು ಸಣ್ಣಗೆ, ಎಲ್ಲೂ ಹರಿಯದೆ ಇಳಿಯುವ ಎಳೆ. ಆ ಎಳೆಯನ್ನು ಮೊದಲು ನೋಡಿದ್ದು ಅವ್ವ ಸತ್ತ ವರ್ಷ, ವೈನಿ ಹೊಸದಾಗಿ ನಮ್ಮ ಮನೆಗೆ ಬಂದಿದ್ದರು, ನಾನು ಮಾತು ನಿಲ್ಲಿಸಿದ್ದೆ, ಯಾರ್ಯಾರೋ ವಿಭೂತಿ ಹಚ್ಚಿದರು, ಯಾರೋ ಗದರಿದರು, ವೈನಿ ಮಾತ್ರ ಮಾತಾಡು ಅನ್ನಲಿಲ್ಲ, ಯಾಕ ಅಂತಲೂ ಕೇಳಲಿಲ್ಲ, ಅಚ್ಚಿನ ಎರಡು ಹೋಳು ಜೋಡಿಸಿ ದಾರ ನನ್ನ ಕೈಗೆ ಕೊಟ್ಟರು, ಬಿಗದ ಸುತ್ತು, ಸಡಲ ಬಿಟ್ಟಿ ಅಂದ್ರ ಆನಿ ಸೊಂಡಿಲು ಮುರೀತೈತಿ. ಸುತ್ತಿದೆ, ಎಷ್ಟೋ ದಿನ ಸುತ್ತಿದೆ, ಒಂದು ಮಧ್ಯಾಹ್ನ ನನ್ನ ಬಾಯಿಂದ ತಾನಾಗಿಯೇ ಬಂತು, ವೈನಿ, ದಾರ ತೀರಿತ್ರಿ. ಅವರು ಅಚ್ಚರಿಪಡಲಿಲ್ಲ, ಯಾರನ್ನೂ ಕರೆಯಲಿಲ್ಲ, ಇನ್ನೊಂದು ಉಂಡೆ ನನ್ನತ್ತ ಉರುಳಿಸಿದರು. ಅದಕ್ಕೆ ಸಮನಾದದ್ದನ್ನು ಯಾರೂ ನನಗೆ ಕೊಟ್ಟಿಲ್ಲ, ಕಾಲೇಜಿನಲ್ಲಿ ಪಾಠ ಮಾಡುವ ಈ ನಾಲಗೆ ಅವರು ಉರುಳಿಸಿದ ಆ ಉಂಡೆಯದು — ತಗ್ಗು, ಬಲಕ್ಕೆ, ಮೆಲ್ಲಗೆ, ದಾಟಿತು, ಕನ್ನಡಿಯಲ್ಲಿ ಹಣೆ ಸುಕ್ಕುಗಟ್ಟಿಲ್ಲ, ಅಥವಾ ಬಿಸಿಲಿಗೆ ಕಾಣಲಿಲ್ಲವೋ.

ಆಸ್ಪತ್ರೆಗೆ ಹೋಗಿಬಂದ ಕಡೆಯ ಸಲ ವೈನಿ ಅಂದಿದ್ದರು, ನಿನ್ನ ಗಾಡಿ ನನ್ನ ಎಲುಬು ಒಂದೊಂದ ಎಣಸಾಕತ್ತೈತಿ, ಇನ್ನ ನಾ ಹತ್ತಂಗಿಲ್ಲ. ಮೋದಿನಸಾಬ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನಕ್ಕ, ಎಂಜಿನ್ ಕುಣ್ಯಾಕತ್ತೈತಿ ಮಾಸ್ತರ, ಕೆಳಗಿನ ಗಾದಿ ಹರದು ಹೋಗೈತಿ. ಗಾದಿ ಅಂದರೆ ಮೌಂಟು, ಕಬ್ಬಿಣದ ಬಳೆಯೊಳಗೆ ಎಂಜಿನ್ ಕೂತಿರುವ ರಬ್ಬರಿನ ಬುಷ್, ಎಣ್ಣೆ ಕುಡಿದು ಬಿರಿದು ಕಬ್ಬಿಣಕ್ಕೆ ಕಬ್ಬಿಣ ತಾಕುತ್ತಿತ್ತು. ನಾನು ಮನೆಗೆ ಬಂದು ಮಂಚದ ಮುಂದೆ ನಿಂತು ಅಂದೆ, ಈ ಹಳೇ ಗಾಡಿಗೆ ಮೌಂಟ್ ಸಿಗಂಗಿಲ್ಲಂತ್ರಿ ವೈನಿ, ಪಾಲಿಯುರೆಥೇನ್ ಅಂತ ಐತಿ, ಎರಡು ಡಬ್ಬಿ ಕಲಿಸಿ ಹೊಯ್ದ್ರ ರಬ್ಬರಿನಂಗ ಗಟ್ಟಿ ಆಗತೈತಿ, ನೀವ ಹೊಯ್ಯಬೇಕ್ರಿ. ನಾ ಏನ್ ಗ್ಯಾರೇಜ್ ಇಟ್ಟೇನೇನೋ, ಅಂದರು, ಅಂದು ಕೈ ಚಾಚಿದರು, ಅಚ್ಚು ಎಂಥಾದು, ತಾ ನೋಡೂಣು.

ಹಳೆಯ ರಬ್ಬರು ಕೆತ್ತಿ ತೆಗೆದ ಕಬ್ಬಿಣದ ಬಳೆಗಳು, ಅವೇ ಅಚ್ಚು. ಮೊದಲ ಸಲ ನಾನು ಏಳುವುದರೊಳಗೆ ವೈನಿ ಅವನ್ನು ಬೋಗುಣಿಯ ನೀರಲ್ಲಿ ನೆನೆಹಾಕಿದ್ದರು, ಸಕ್ಕರೆ ಅಚ್ಚನ್ನು ರಾತ್ರಿಯೇ ನೆನೆಸುವ ಕೈ ಅದು, ನೆನೆಯದ ಅಚ್ಚಿಗೆ ಪಾಕ ಕಚ್ಚಿಕೊಳ್ಳುತ್ತದೆ, ಮರವೇನು ಕಬ್ಬಿಣವೇನು, ನನಗೂ ತಪ್ಪು ಅನಿಸಲಿಲ್ಲ, ಆ ಮನೆಯಲ್ಲೇ ಬೆಳೆದವನು, ನಾನೇ ಒಂದಿಷ್ಟು ನೀರು ಝಾಡಿಸಿ ಮೇಜಿನ ಮೇಲಿಟ್ಟೆ. ಹೊಯ್ದರು, ಅದು ಉಬ್ಬಿತು, ಉಬ್ಬಿ ಬಳೆಯ ಆಚೆ ಇಳಿದು ಮೇಜಿನ ಮೇಲೆ ಹರಿಯಿತು, ಒಳಗೆಲ್ಲ ಗುಳ್ಳೆ, ಹೆಚ್ಚು ಹುಳಿಬಂದ ಇಡ್ಲಿ ಹಿಟ್ಟಿನ ಹಾಗೆ. ಡಬ್ಬಿ ತಿರುಗಿಸಿ ಓದಿದೆ, ನೀರಿನ ಪಸೆ ತಾಕಬಾರದಂತೆ. ಓದಿದ ಮ್ಯಾಲೆ ಮಾಡೂದೋ, ಮಾಡಿದ ಮ್ಯಾಲೆ ಓದೂದೋ ಮಾಸ್ತರ, ಅಂದು ವೈನಿ ನಕ್ಕರು, ಬೆನ್ನಿಗೆ ಕೈಕೊಟ್ಟು ನಕ್ಕರು, ಅಡುಗೆಮನೆಯಿಂದ ರುಕ್ಮವ್ವ ಓಡಿಬಂದಳು, ಬೈಯಲು ಬಂದ ಅಣ್ಣ ಮೇಜು ಒರೆಸಲು ಬಟ್ಟೆ ತಂದುಕೊಟ್ಟ. ಆಮೇಲೆ ಬಳೆಗಳನ್ನು ಕೆರೆದು ಮಾಳಿಗೆಯ ಬಿಸಿಲಲ್ಲಿ ಒಣಗಿಸಿದೆವು, ಅವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಕೂತರು, ಜೇನುಬಣ್ಣದ ದ್ರವ, ಎತ್ತರದಿಂದ, ಸಣ್ಣಗೆ, ಆ ಎಳೆ, ಹರಿಯದ ಎಳೆ. ಗಾಡಿಗೆ ಹಾಕಲು ಬಂದ ಮೋದಿನಸಾಬ ಉಗುರು ಊರಿ ನೋಡಿದ, ಗುಳ್ಳಿ ಒಂದೂ ಇಲ್ಲಲ್ರಿ ಅಕ್ಕಾರ. ಎಲ್ಲಾ ಮೊದಲನೇದ್ರಾಗ ಬಂದು ಹೋಗ್ಯಾವ, ಅಂದರು ವೈನಿ.

ಹಿಪ್ಪರಗಿ ಬಂತು, ಮುಂದೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು ರಸ್ತೆಗೆ ಅಡ್ಡ ತಿರುಗುತ್ತಿದೆ, ನಿಲ್ಲಿಸಿದೆ, ಬಂತು ಗುಂಯ್, ಪೆಡಲಿನಲ್ಲಿ, ಬಾಗಿಲಲ್ಲಿ, ನನ್ನ ಹಲ್ಲಿನಲ್ಲಿ, ಎಂಜಿನ್ ಆರಿಸಿಬಿಡಲೇ, ಆರಿಸಿದರೆ ಭಯಪಟ್ಟೆ ಅಂತ ತಿಳಿಯುತ್ತದೆ, ಟ್ರ್ಯಾಕ್ಟರು ತಿರುಗುತ್ತಲೇ ಇದೆ, ಕನ್ನಡಿಯಲ್ಲಿ ಹಣೆ ಮುಂದೆ ಬಾಗಿತು, ಸಂಗಮೇಶ. ಏನ್ರಿ ವೈನಿ. ಸೀಟು ಗುಂಯ್ ಅಂತೈತಲ್ಲೋ. ನೋವಾತೇನ್ರಿ, ತಿರಗಸ್ಲೇನ್ರಿ. ನೋವಲ್ಲೋ, ಬೀಸುಕಲ್ಲಿನ ಬಾಜೂಕ ಕುಂತಂಗ ಐತಿ, ಇರಲಿ ಬಿಡು, ನಾ ಹೊಯ್ದದ್ದು ಐತೆಂತ ಗೊತ್ತರ ಆಗತೈತಿ, ಹೊಡಿ ಮುಂದ. ಟ್ರ್ಯಾಕ್ಟರು ಸರಿಯಿತು, ಗಾಡಿ ಬಾಗೇವಾಡಿಯ ಕಡೆ ಹೊರಟಿತು, ಕಣ್ಣು ಯಾಕೋ ರಸ್ತೆಯನ್ನು ಕಲಸಿಬಿಟ್ಟಿದೆ, ಹಿಂದಿನಿಂದ ಮತ್ತೆ ಆ ದನಿ, ಬಾಗೇವಾಡಿ ನಮ್ಮ ಅಣ್ಣನ ಜೀಪೂ ಹಿಂಗ ಕುಣೀತೈತಂತ, ಅದಕ್ಕೂ ಮೌಂಟ್ ಸಿಗಂಗಿಲ್ಲೇನ್ ಕೇಳು, ಸಿಗದಿದ್ರ ನಾ ಹೊಯ್ದು ಕೊಡತೇನಿ. ಕೇಳತೇನ್ರಿ, ಅಂದೆ, ಮತ್ತೆ ಆ ಎಳೆ, ಎತ್ತರದಿಂದ ಇಳಿಯುವ ಎಳೆ, ಅದರಾಚೆ ಏನೂ ತೋಚುತ್ತಿಲ್ಲ, ಆ ಎಳೆ. ನಮ್ಮ ಗಾಡಿಯ ಹೊಸ ಮೌಂಟುಗಳು ಸಿಂದಗಿಯ ಅಂಗಡಿಯಲ್ಲೇ ಇದ್ದವು, ಕೈಯಲ್ಲಿ ಹಿಡಿದು ನೋಡಿ ಅಲ್ಲಿಯೇ ಇಟ್ಟು ಬಂದೆ. ಅದನ್ನು ನಾನು ವೈನಿಗೆ ಹೇಳಲಿಲ್ಲ.